ಅಂಚಿನಲ್ಲಿ ದೀಪ ಕಂಡರೆ ಅಲ್ಲೇ ಕಾಲೆತ್ತಿ

ಪ್ರಶ್ನೆ: ಹೆದ್ದಾರಿಯಲ್ಲಿ ನಾನು ಸಾಮಾನ್ಯವಾಗಿ 90-100ರ ವೇಗದಲ್ಲಿ ಹೋಗುತ್ತೇನೆ. ರಸ್ತೆ ಅಂಚಿನಲ್ಲಿ ಟೋಯಿಂಗ್ ಗಾಡಿಯೋ ಆಂಬ್ಯುಲೆನ್ಸೋ ದೀಪ ಮಿನುಗಿಸುತ್ತಾ ನಿಂತಿದ್ದರೆ ಪಕ್ಕದಲ್ಲಿ ಕೂತ ನನ್ನ ಹೆಂಡತಿ "ನಿಧಾನ, ನಿಧಾನ" ಅನ್ನುತ್ತಾಳೆ. ಅವರು ಅಂಚಿನಲ್ಲಿದ್ದಾರೆ, ನಾನು ನನ್ನ ಲೇನ್‌ನಲ್ಲಿದ್ದೇನೆ, ಗೆರೆ ದಾಟುತ್ತಿಲ್ಲ. ಸುಮ್ನೆ ಬ್ರೇಕ್ ಹಾಕಿದರೆ ಹಿಂದಿನವನು ಬಂದು ಗುದ್ದುವುದಿಲ್ವಾ? ನಿಜಕ್ಕೂ ಎಷ್ಟು ನಿಧಾನ ಮಾಡಬೇಕು? ಹಾರ್ನ್ ಹಾಕಿಕೊಂಡು ಹೋದರೆ ಸಾಲದಾ?

ಉತ್ತರ: ಹಿಂದಿನವನು ಗುದ್ದುತ್ತಾನೆ ಅನ್ನೋ ನಿಮ್ಮ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅದೇ ಭಯಕ್ಕೆ ಒಂದು ಸರ್ಕಾರ ತಾನು ಮಾಡಿದ ನಿಯಮವನ್ನೇ ಒಂದು ವರ್ಷದಲ್ಲಿ ತಿದ್ದಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ. ಆದರೆ ಆ ಗುದ್ದು ಬರುವುದು ನಿಧಾನ ಮಾಡಿದ್ದರಿಂದಲ್ಲ, ತಡವಾಗಿ ನಿಧಾನ ಮಾಡಿದ್ದರಿಂದ. ನಿಮ್ಮ ಮನೆಯವರು ಹೇಳುವುದು ಸರಿ. ಆದರೆ ಟೋಯಿಂಗ್ ಗಾಡಿಯ ಹಿಂಬದಿ ಕಣ್ಣಿಗೆ ರಾಚುವಷ್ಟು ಹತ್ತಿರ ಹೋದ ಮೇಲೆ ಹೇಳಿದರೆ ಅವರ ಮಾತೂ ತಡವೇ. ದೀಪ ದೂರದಲ್ಲಿ ಕಂಡಿತಲ್ಲ, ಆಕ್ಸಲರೇಟರ್‌ನಿಂದ ಕಾಲು ಎತ್ತಬೇಕಾದ್ದು ಅಲ್ಲಿ.

ಈಗ ನಾನು ಚಾಲಕರಿಗೆ ತರಬೇತಿ ಕೊಡುತ್ತೇನೆ. ಅದಕ್ಕೆ ಮುಂಚೆ ಹಲವು ವರ್ಷ ಬ್ರೇಕ್‌ಡೌನ್ ಗಾಡಿಯಲ್ಲಿ ಕೆಲಸ ಮಾಡಿದವನು. ಹಾಗಾಗಿ ಈ ಪ್ರಶ್ನೆಗೆ ನೆಲಮಟ್ಟದಿಂದ ಉತ್ತರ ಹೇಳುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಳ್ಳುತ್ತೇನೆ. ನೆಲಮಟ್ಟ ಅಂದರೆ ನಿಜವಾಗಿಯೂ ನೆಲಮಟ್ಟ. ಚಕ್ರ ಬದಲಿಸುವವನು ಮಂಡಿಯೂರಿ ಕೂತಿರುತ್ತಾನೆ. ಅವನ ತಲೆ ನಿಮ್ಮ ಬಂಪರ್‌ಗಿಂತ ಸ್ವಲ್ಪ ಮೇಲೆ. ಬೆನ್ನು ರಸ್ತೆಗೆ.

ಒಂದು ರಾತ್ರಿಯ ಕೆಲಸ ಹೇಳುತ್ತೇನೆ. ಸಂಚಾರದ ಕಡೆಯ ಹಿಂದಿನ ಚಕ್ರ ಪಂಚರ್. ಪಂಚರ್ ಆಗುವಾಗ ಚಕ್ರ ಯಾವ ಕಡೆ ಅಂತ ನಮ್ಮನ್ನು ಕೇಳಿ ಆಗುವುದಿಲ್ಲವಲ್ಲ. ಜಾಕ್ ಕೊಟ್ಟು ಗಾಡಿ ಎತ್ತಿದ್ದೆ. ನಾಲ್ಕು ನಟ್ ಬಿಚ್ಚಿ ಪಕ್ಕದಲ್ಲೇ ನೆಲದ ಮೇಲೆ ಇಟ್ಟಿದ್ದೆ. ಐದನೆಯದಕ್ಕೆ ಪಾನ ಹಾಕುವಾಗ ಒಂದು ದೊಡ್ಡ ಲಾರಿ ವೇಗ ಒಂಚೂರೂ ಇಳಿಸದೆ ಪಕ್ಕದಲ್ಲಿ ಹಾದುಹೋಯಿತು. ಸದ್ದಿಗಿಂತ ಮುಂಚೆ ಗಾಳಿ ಬಂತು. ಮೊದಲು ಬೆನ್ನಿಗೆ ಯಾರೋ ಅಂಗೈಯಿಂದ ದಬ್ಬಿದ ಹಾಗೆ ಗಾಡಿಯ ಕಡೆ ತಳ್ಳಿತು. ಮರುಕ್ಷಣ ಅಂಗಿ ಹಿಡಿದು ರಸ್ತೆ ಕಡೆ ಎಳೆಯಿತು. ಜಾಕ್ ಮೇಲಿದ್ದ ಗಾಡಿ ಕಿರ್ ಅಂತ ಅಲ್ಲಾಡಿತು. ಒಂದು ನಟ್ ಉರುಳಿಕೊಂಡು ಬಿಳಿ ಗೆರೆ ದಾಟಿ ಲೇನ್ ಒಳಗೆ ಹೋಯಿತು. ನನ್ನ ಬಲಗೈ ನನ್ನನ್ನು ಕೇಳದೇ ಅದರ ಹಿಂದೆ ಹೋಯಿತು. ಆ ಕ್ಷಣ ಇನ್ನೊಂದು ಗಾಡಿ ಬರಲಿಲ್ಲ, ಅಷ್ಟೇ. ಅವತ್ತಿನಿಂದ ನಟ್‌ಗಳನ್ನು ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ಮಾಡಿಕೊಂಡೆ.

ಆ ಲಾರಿಯವನು ತನ್ನ ಲೇನ್ ಬಿಟ್ಟಿರಲಿಲ್ಲ. ನಿಮ್ಮ ಹಾಗೆಯೇ ಗೆರೆಯನ್ನೂ ದಾಟಿರಲಿಲ್ಲ.

ಆ ಗಾಳಿಯ ಲೆಕ್ಕ ಸರಳ. ಗಾಡಿಯ ಮೂತಿ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಅದರ ಹಿಂದೆ ಒತ್ತಡ ಕಡಿಮೆಯಾಗಿ ಸೆಳೆತ ಬರುತ್ತದೆ. ಈ ತಳ್ಳಾಟದ ಬಲ ಹೆಚ್ಚುಕಮ್ಮಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 100ರಲ್ಲಿ ಹೋಗುವ ಗಾಡಿ 60ಕ್ಕೆ ಇಳಿದರೆ ಬಲ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಾರಿಗಿಂತ ಬಸ್ಸು, ಲಾರಿಗಳದ್ದು ಜಾಸ್ತಿ. ಅವುಗಳ ಮೂತಿ ಚಪ್ಪಟೆ, ಮೈ ಎತ್ತರ. ಹಾಗಂತ ಕಾರಿನವರಿಗೆ ವಿನಾಯಿತಿ ಇದೆ ಅಂದುಕೊಳ್ಳಬೇಡಿ. ನೀವು ಎಷ್ಟು ಹತ್ತಿರದಲ್ಲಿ ಹೋಗುತ್ತೀರಿ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

"ನಾನು ನನ್ನ ಲೇನ್‌ನಲ್ಲಿದ್ದೇನೆ" ಅನ್ನುವ ಮಾತನ್ನು ಸ್ವಲ್ಪ ಟೇಪು ಹಿಡಿದು ನೋಡೋಣ. ಹೆದ್ದಾರಿ ಲೇನ್ ಸಾಮಾನ್ಯವಾಗಿ 3.5 ಮೀಟರ್ ಆಸುಪಾಸು. ಲಾರಿಯ ಮೈ ಸುಮಾರು 2.5 ಮೀಟರ್, ಹೊರಗೆ ಚಾಚಿದ ಕನ್ನಡಿಗಳು ಬೇರೆ. ಲಾರಿ ಲೇನ್‌ನ ನಟ್ಟನಡುವೆ ಹೋದರೂ ಆಚೀಚೆ ಉಳಿಯುವುದು ಅರ್ಧ ಮೀಟರ್. ಈಗ ಅಂಚಿಗೆ ಬನ್ನಿ. ಅಲ್ಲಿ ನಿಂತ ಕಾರಿನ ಅಗಲ 1.8 ಮೀಟರ್. ಅಂಚೇ 2.5 ಮೀಟರ್ ಇದ್ದರೆ, ಕಾರನ್ನು ಪೂರ್ತಿ ಹೊರಗೆ ಒತ್ತಿ ನಿಲ್ಲಿಸಿದರೂ ಗೆರೆಗೂ ಕಾರಿಗೂ ನಡುವೆ ಉಳಿಯುವುದು 70 ಸೆಂಟಿಮೀಟರ್. ಚಕ್ರದ ಮುಂದೆ ಮಂಡಿಯೂರಿದ ಮನುಷ್ಯನ ಪಾದ ಅಷ್ಟರಲ್ಲಿ ಹಿಡಿಸುವುದಿಲ್ಲ. ಗೆರೆಯ ಮೇಲೆ ಇರುತ್ತದೆ, ಇಲ್ಲವೇ ಗೆರೆಯ ಆಚೆ. ನೀವು ಗೆರೆ ದಾಟುವುದಿಲ್ಲ, ನಿಜ. ಅವನು ದಾಟದೇ ಕೆಲಸ ಮಾಡಲು ಆಗುವುದಿಲ್ಲ.

ಆಚೆ ಕಡೆಯಿಂದ ಮಾಡಬಾರದಾ ಅಂತ ಕೇಳುವವರಿದ್ದಾರೆ. ಆದಷ್ಟು ಮಾಡುತ್ತೇವೆ. ಈಗಿನ ಒಳ್ಳೆಯ ಟೋಯಿಂಗ್ ಗಾಡಿಗಳಲ್ಲಿ, ಕೆಟ್ಟ ಕಾರನ್ನು ಮೇಲಕ್ಕೆ ಎಳೆಯುವ ವಿಂಚ್ ಯಂತ್ರದ ಹಿಡಿಗಳು ಎರಡೂ ಪಕ್ಕ ಇರುತ್ತವೆ, ಕೆಲವಕ್ಕೆ ರಿಮೋಟ್ ಕೂಡ ಇದೆ. ಆದರೆ ಕಾರನ್ನು ಮೇಲೆ ಎಳೆದ ಮೇಲೆ ನಾಲ್ಕೂ ಚಕ್ರಕ್ಕೆ ಪಟ್ಟಿ ಬಿಗಿಯಬೇಕು. ಅದರಲ್ಲಿ ಎರಡು ಸಂಚಾರದ ಕಡೆಯೇ. ಆಂಬ್ಯುಲೆನ್ಸ್‌ನವರು ಸ್ಟ್ರೆಚರ್ ಇಳಿಸುವುದು ಹಿಂಬಾಗಿಲಿನಿಂದ, ಅಂದರೆ ನೀವು ಬರುತ್ತಿರುವ ದಿಕ್ಕಿಗೆ. ಅಪಘಾತವಾದ ಕಾರಿನ ಬಾಗಿಲು ಯಾವ ಕಡೆ ತೆರೆಯುತ್ತದೋ ಆ ಕಡೆಯಿಂದಲೇ ಗಾಯಾಳುವನ್ನು ಎತ್ತಬೇಕು. ಇದರಲ್ಲಿ ಆಯ್ಕೆ ಕಡಿಮೆ. ಮತ್ತೆ ವಿಂಚ್ ತಿರುಗುವಾಗ, ಎಂಜಿನ್ ಓಡುವಾಗ, ಬರುವ ಗಾಡಿಯ ಸದ್ದು ಕಿವಿಗೆ ಬೀಳುವುದೇ ಇಲ್ಲ. 

ಇನ್ನೊಂದು ವಿಷಯ ಚಾಲಕರಿಗೆ ಹೇಳಿದರೆ ನಂಬುವುದಿಲ್ಲ. ಕಣ್ಣು ಹೋದ ಕಡೆ ಕೈ ಹೋಗುತ್ತದೆ. ಅಂಚಿನಲ್ಲಿ ಏನಾಗಿದೆ ಅಂತ ಕತ್ತು ತಿರುಗಿಸಿ ನೋಡಿದಾಗ ಸ್ಟೀರಿಂಗ್ ಕೂಡ ಗೊತ್ತಾಗದ ಹಾಗೆ ಅದೇ ಕಡೆಗೆ ಜಾರುತ್ತದೆ. ಬೈಕ್ ಕಲಿಸುವವರು "ಗುಂಡಿ ನೋಡಬೇಡ, ಹೋಗಬೇಕಾದ ದಾರಿ ನೋಡು" ಅನ್ನುವುದು ಇದಕ್ಕೇ. 100ರಲ್ಲಿ ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತೀರಿ. ಎರಡು ಸೆಕೆಂಡ್ ಕುತೂಹಲ ಅಂದರೆ 56 ಮೀಟರ್. ಅಷ್ಟು ದೂರದಲ್ಲಿ ಅರ್ಧ ಮೀಟರ್ ಪಕ್ಕಕ್ಕೆ ಸರಿಯುವುದು ಏನೂ ದೊಡ್ಡ ಮಾತಲ್ಲ. ಇನ್ನು ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾ ಹೋಗುವವರ ಬಗ್ಗೆ ಇಲ್ಲಿ ಬರೆದರೆ ಭಾಷೆ ಕೆಡುತ್ತದೆ, ಬಿಟ್ಟುಬಿಡುತ್ತೇನೆ.

ಈಗ ವೇಗದ ಲೆಕ್ಕ. ತರಬೇತಿಯಲ್ಲಿ ನಾನು ಬೋರ್ಡಿನ ಮೇಲೆ ಬರೆಯುವುದು ಇದೊಂದೇ ಉದಾಹರಣೆ. ರಸ್ತೆ ಒಣಗಿದೆ, ಟೈರು ಚೆನ್ನಾಗಿದೆ, ನೀವು ಎಚ್ಚರವಾಗಿದ್ದೀರಿ. ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಅಂದುಕೊಳ್ಳಿ. ನಿಮ್ಮ ಮುಂದೆ 45 ಮೀಟರ್‌ನಲ್ಲಿ ಕೆಲಸಗಾರನೊಬ್ಬ ಎಡವಿ ಲೇನ್ ಒಳಗೆ ಬಂದ. ನೀವು 60ರಲ್ಲಿದ್ದರೆ ಯೋಚನೆಗೆ 25 ಮೀಟರ್, ಬ್ರೇಕಿಗೆ ಸುಮಾರು 20 ಮೀಟರ್. ಅವನ ಮುಂದೆ ಬಂದು ನಿಲ್ಲುತ್ತೀರಿ. ಇಬ್ಬರ ಮುಖವೂ ಬಿಳಚಿಕೊಳ್ಳುತ್ತದೆ, ಅಷ್ಟೇ. 80ರಲ್ಲಿದ್ದರೆ ಅವನನ್ನು ಗುದ್ದುವಾಗ ವೇಗ ಇನ್ನೂ 65ರ ಹತ್ತಿರ ಇರುತ್ತದೆ. 100ರಲ್ಲಿದ್ದರೆ? ಬಹಳ ಜನ "70 ಇರಬಹುದು" ಅನ್ನುತ್ತಾರೆ. ಯೋಚನೆಯೇ 42 ಮೀಟರ್ ತಿಂದುಬಿಡುತ್ತದೆ. ಬ್ರೇಕ್ ಹಿಡಿಯಲು ಉಳಿದದ್ದು ಮೂರು ಮೀಟರ್. ಗುದ್ದುವ ವೇಗ 95ಕ್ಕೂ ಮೇಲೆ. ಅಂದರೆ ಬ್ರೇಕ್ ಹಾಕಿದ್ದೂ ಒಂದೇ, ಹಾಕದಿದ್ದದ್ದೂ ಒಂದೇ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಕಾರಿನ ಮುಂಭಾಗ ಬಡಿದ ಪಾದಚಾರಿ ಸಾಯುವ ಸಂಭವ 50ರಿಂದ 65ಕ್ಕೆ ಹೋಗುವಷ್ಟರಲ್ಲೇ ನಾಲ್ಕೂವರೆ ಪಟ್ಟು ಆಗುತ್ತದೆ. ಬರೀ 15 ಕಿಲೋಮೀಟರ್ ವ್ಯತ್ಯಾಸಕ್ಕೆ. ಮಂಡಿಯೂರಿ ಕೂತವನ ಸ್ಥಿತಿ ನಿಂತವನಿಗಿಂತ ಕಷ್ಟ. ಅವನಿಗೆ ಎದ್ದು ಹಾರಲೂ ಸಮಯ ಬೇಕು.

ಹಾಗಾದರೆ ಎಷ್ಟಕ್ಕೆ ಇಳಿಸಬೇಕು? ಇದಕ್ಕೆ ಪ್ರಪಂಚದಲ್ಲಿ ಒಂದೇ ಉತ್ತರ ಇಲ್ಲ. ಆದರೆ ಉತ್ತರಗಳು ಹೇಗೆ ಬಂದವು ಅನ್ನುವುದು ಸ್ವಾರಸ್ಯವಾಗಿದೆ. ಅಮೆರಿಕದ ಸೌತ್ ಕ್ಯಾರೊಲೈನಾದಲ್ಲಿ 1994ರಲ್ಲಿ ಜೇಮ್ಸ್ ಗಾರ್ಸಿಯಾ ಅನ್ನುವ ಆಂಬ್ಯುಲೆನ್ಸ್ ಸಿಬ್ಬಂದಿಗೆ ಅಪಘಾತ ಸ್ಥಳದಲ್ಲಿ ಕೆಲಸ ಮಾಡುವಾಗ ಗಾಡಿ ಗುದ್ದಿತು. ಗಾಯವಾಯಿತು, ಜೀವ ಉಳಿಯಿತು. ಪೊಲೀಸರು ತಪ್ಪು ಗಾರ್ಸಿಯಾ ಅವರದೇ ಅಂತ ಬರೆದರು! ರಸ್ತೆಯಲ್ಲಿ ನಿಂತಿದ್ದು ನೀನು ತಾನೇ ಅನ್ನುವ ಲೆಕ್ಕ. ನಿಮ್ಮ "ನಾನು ನನ್ನ ಲೇನ್‌ನಲ್ಲಿದ್ದೇನೆ" ಅನ್ನುವ ವಾದವೇ ಅಲ್ಲಿ ಗೆದ್ದಿತ್ತು ನೋಡಿ. ಅವರು ಸುಮ್ಮನೆ ಕೂರಲಿಲ್ಲ. ಹಿಂದೆ ಬಿದ್ದು ಓಡಾಡಿದರು. 1996ರಲ್ಲಿ ಆ ರಾಜ್ಯ, ನಿಂತ ತುರ್ತು ವಾಹನ ಕಂಡರೆ ಪಕ್ಕದ ಲೇನ್‌ಗೆ ಸರಿಯಬೇಕು, ಆಗದಿದ್ದರೆ ನಿಧಾನ ಮಾಡಬೇಕು ಅನ್ನುವ ಕಾನೂನು ತಂದಿತು. 2012ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂದಿತ್ತು. ಕೊನೆಗೆ ಬಂದದ್ದು ಹವಾಯಿ.

ಆಸ್ಟ್ರೇಲಿಯಾದವರು ಮಾತು ಬಿಟ್ಟು ಅಂಕಿ ಹಿಡಿದರು. ಸೌತ್ ಆಸ್ಟ್ರೇಲಿಯಾದಲ್ಲಿ 2014ರಿಂದ, ದೀಪ ಮಿನುಗಿಸುತ್ತಾ ನಿಂತ ತುರ್ತು ವಾಹನದ ಪಕ್ಕ ಗಂಟೆಗೆ 25 ಕಿಲೋಮೀಟರ್. ವಿಕ್ಟೋರಿಯಾದಲ್ಲಿ 2017ರಿಂದ 40. ನ್ಯೂ ಸೌತ್ ವೇಲ್ಸ್ ಕೂಡ 2018ರ ಸೆಪ್ಟೆಂಬರ್‌ನಲ್ಲಿ ಪ್ರಯೋಗವಾಗಿ 40 ಅಂದಿತು, ಎಲ್ಲ ರಸ್ತೆಗೂ. ಆಗಲೇ ನಿಮ್ಮ ಪ್ರಶ್ನೆ ಎದ್ದದ್ದು. 110ರಲ್ಲಿ ಹರಿಯುವ ರಸ್ತೆಯಲ್ಲಿ ಒಬ್ಬ ಗಕ್ಕನೆ 40ಕ್ಕೆ ಇಳಿದರೆ ಹಿಂದಿನ ಲಾರಿಯವನ ಗತಿ ಏನು? ಮರುವರ್ಷ, 2019ರ ಸೆಪ್ಟೆಂಬರ್‌ನಲ್ಲಿ, ನಿಯಮ ತಿದ್ದಿದರು. ವೇಗಮಿತಿ 80 ಅಥವಾ ಅದಕ್ಕಿಂತ ಕಡಿಮೆ ಇರುವ ರಸ್ತೆಯಲ್ಲಿ 40. ಮಿತಿ 90 ಅಥವಾ ಮೇಲಿದ್ದರೆ ಅಂಕಿ ಇಲ್ಲ. ಸುರಕ್ಷಿತವಾಗಿ ನಿಧಾನ ಮಾಡು, ಜಾಗ ಬಿಡು, ಲೇನ್ ಇದ್ದರೆ ಬದಲಿಸು. ಹಳದಿ ದೀಪದ ಟೋಯಿಂಗ್ ಗಾಡಿ, ಬ್ರೇಕ್‌ಡೌನ್ ಗಾಡಿಗಳನ್ನೂ ಆಗಲೇ ಸೇರಿಸಿದರು. ಕೆನಡಾದ ಒಂಟಾರಿಯೊದಲ್ಲಿ ತುರ್ತು ವಾಹನಗಳಿಗೆ 2003ರಲ್ಲಿ ಬಂದ ನಿಯಮ ಟೋಯಿಂಗ್ ಗಾಡಿಗೆ ಅನ್ವಯವಾದದ್ದು 2015ರಲ್ಲಿ. ಹನ್ನೆರಡು ವರ್ಷದ ಅಂತರ. ಹಳದಿ ದೀಪಕ್ಕೆ ಮರ್ಯಾದೆ ಯಾವಾಗಲೂ ತಡವಾಗಿಯೇ ಸಿಕ್ಕಿದೆ. ನಮ್ಮ ಕೆಲಸದ ಜಾಗಕ್ಕೆ ಪೊಲೀಸ್ ಗಾಡಿ ಬಂದು ನಿಂತರೆ ಸಾಕು, ರಸ್ತೆ ತಾನಾಗಿ ತಣ್ಣಗಾಗುತ್ತಿತ್ತು. ಅದು ಹೊರಟ ಎರಡೇ ನಿಮಿಷಕ್ಕೆ ಮತ್ತೆ ಅದೇ ಗಾಳಿ.

ನೀವು ಓಡಿಸುವ ರಸ್ತೆಗೆ ಅಂಕಿ ಗೊತ್ತುಮಾಡಿದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ನಾನು ಕಲಿಸುವುದು ಹೀಗೆ. ಮಧ್ಯೆ ಒಂದು ಪೂರ್ತಿ ಲೇನ್ ಖಾಲಿ ಬಿಟ್ಟು ಹೋಗಲು ಆದರೆ 60ರ ಆಸುಪಾಸು. ನಿಂತ ಗಾಡಿಗೆ ತಾಗಿದ ಲೇನ್‌ನಲ್ಲೇ ಹೋಗಬೇಕಾಗಿ ಬಂದರೆ 40. ಜನ ರಸ್ತೆ ಮೇಲೆಯೇ ಓಡಾಡುತ್ತಿದ್ದರೆ, ಗಾಯಾಳುವನ್ನು ಎತ್ತುತ್ತಿದ್ದರೆ, ಅವರು ಕೈ ತೋರಿಸಿದಷ್ಟು, ನಡಿಗೆಯ ವೇಗವಾದರೂ ಸರಿ. ಇದು ಕಾನೂನಲ್ಲ, ನನ್ನ ಅಭಿಪ್ರಾಯ. ಮೇಲಿನ 45 ಮೀಟರ್ ಲೆಕ್ಕದಿಂದ ಬಂದದ್ದು.

ಈಗ ನಿಮ್ಮ ಭಯಕ್ಕೆ ಬರೋಣ. ನೇರ ರಸ್ತೆಯಲ್ಲಿ ಮಿನುಗುವ ದೀಪ ಅರ್ಧ ಕಿಲೋಮೀಟರ್ ದೂರದಿಂದಲೇ ಕಾಣುತ್ತದೆ. 100ರಲ್ಲಿ ಅಷ್ಟು ದೂರ ಕ್ರಮಿಸಲು 18 ಸೆಕೆಂಡ್ ಬೇಕು. 100ರಿಂದ 40ಕ್ಕೆ ಮೆತ್ತಗೆ, ಪಕ್ಕದಲ್ಲಿ ಕೂತವರ ಕೈಲಿರುವ ಚಹಾ ಚೆಲ್ಲದ ಹಾಗೆ ಇಳಿಯಲು ಬೇಕಾದದ್ದು 11 ಸೆಕೆಂಡ್, ಸುಮಾರು 220 ಮೀಟರ್. ಅಂದರೆ ನಿಮ್ಮ ಹತ್ತಿರ ಸಮಯ ಧಾರಾಳವಾಗಿದೆ. ಅದನ್ನು ಹಾಳುಮಾಡುವುದು "ಇನ್ನೂ ದೂರ ಇದೆ ಬಿಡು" ಅನ್ನುವ ಮನಸ್ಸು. ಅದೇ ತಿರುವಿನಲ್ಲಿ 100 ಮೀಟರ್ ಮುಂದೆ ಮಾತ್ರ ಕಂಡರೆ, ಯೋಚನೆಯ 42 ಮೀಟರ್ ಕಳೆದು ಉಳಿಯುವ 58 ಮೀಟರ್‌ನಲ್ಲಿ 40ಕ್ಕೆ ಬರಲು ಬ್ರೇಕನ್ನು ಬಲವಾಗಿ ಒತ್ತಲೇಬೇಕು. ಹಿಂದಿನವನು ಗುದ್ದುವುದು ಇಂಥ ಕಡೆ. ಅದಕ್ಕೇ ಗೊತ್ತಿರುವ ಕೆಲಸಗಾರರು ತ್ರಿಕೋನ ಫಲಕವನ್ನೋ ಕೋನ್‌ಗಳನ್ನೋ ಗಾಡಿಯ ಹಿಂದೆ ಇಡುವುದಿಲ್ಲ, ತಿರುವು ಶುರುವಾಗುವ ಮುಂಚೆ ಇಡುತ್ತಾರೆ. ಕೋನ್ ಕಂಡು ಗಾಡಿ ಕಾಣದಿದ್ದರೆ "ಏನೂ ಇಲ್ಲವಲ್ಲ" ಅಂತ ಮುಂದೆ ನುಗ್ಗಬೇಡಿ. ತಿರುವಿನ ಆಚೆ ಇದೆ.

ಇನ್ನೊಂದು ಸಣ್ಣ ಸಂಗತಿ. ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಗಾಡಿ ನಿಧಾನವಾಗುತ್ತದೆ, ಗೇರ್ ಇಳಿಸಿದರೂ ಆಗುತ್ತದೆ. ಆದರೆ ಹಿಂಬದಿಯ ಕೆಂಪು ದೀಪ ಹತ್ತುವುದಿಲ್ಲ. ಹಿಂದಿನವನಿಗೆ ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಹೇಗೆ ಗೊತ್ತಾಗಬೇಕು? ಕಾಲೆತ್ತಿದ ಕೂಡಲೇ ಬ್ರೇಕ್ ಪೆಡಲನ್ನು ಎರಡು ಸಲ ಹಗುರವಾಗಿ ತಟ್ಟಿ. ದೀಪ ಹತ್ತಿ ಆರಲಿ. ಅದು ಅವನಿಗೆ ನೀವು ಕಳಿಸುವ ಸುದ್ದಿ. ಆಮೇಲೆ ಕನ್ನಡಿ ನೋಡಿ. ಅವನೂ ನಿಧಾನ ಆಗುತ್ತಿದ್ದರೆ ನಿಮ್ಮ ಕೆಲಸ ಸಲೀಸು. ಬಾಲಕ್ಕೆ ಅಂಟಿಕೊಂಡೇ ಬರುತ್ತಿದ್ದರೆ ನೀವು ಇನ್ನೂ ಮೊದಲೇ, ಇನ್ನೂ ಮೆತ್ತಗೆ ಇಳಿಸಬೇಕು. ಅಂಥವನು ಹಿಂದಿದ್ದಾನೆ ಅಂತ ವೇಗದಲ್ಲೇ ಹೋಗಿಬಿಡುವುದು ಬೇಡ. ಅವನ ಅವಸರವನ್ನು ಅಂಚಿನಲ್ಲಿ ಮಂಡಿಯೂರಿದವನ ತಲೆಗೆ ಕಟ್ಟಿದ ಹಾಗಾಗುತ್ತದೆ.

ಲೇನ್ ಬದಲಿಸುವುದು ಒಳ್ಳೆಯದೇ, ಆದರೆ ಕೊನೇ ಗಳಿಗೆಯಲ್ಲಿ ಗಕ್ಕನೆ ಅಲ್ಲ. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಕನ್ನಡಿಗೆ ಕಾಣದ ಮೂಲೆಯ ಕಡೆ ಒಮ್ಮೆ ತಲೆ ತಿರುಗಿಸಿ, ಆಮೇಲೆ. ಜಾಗ ಸಿಗದಿದ್ದರೆ ಒತ್ತಾಯ ಮಾಡಬೇಡಿ, ನಿಮ್ಮ ಲೇನ್‌ನಲ್ಲೇ ನಿಧಾನ ಮಾಡಿ. ಲೇನ್ ಬದಲಿಸಿದ ಮಾತ್ರಕ್ಕೆ ವೇಗ ಇಳಿಸುವುದು ತಪ್ಪಲಿಲ್ಲ. ಒಂದು ಚೆದುರಿದ ಬಂಪರ್ ತುಂಡನ್ನು ಎತ್ತಲು ಯಾರೋ ನಡುರಸ್ತೆಗೆ ಓಡಿ ಬರಬಹುದು. ಗಾಬರಿಯಾದ ಗಾಯಾಳುವಿನ ಮನೆಯವರು ಎಲ್ಲಿ ಬೇಕಾದರೂ ನಡೆಯುತ್ತಾರೆ. ಇದನ್ನು ನಾನು ಎಣಿಸಲಾರದಷ್ಟು ಸಲ ನೋಡಿದ್ದೇನೆ.

ನಿಮ್ಮ ಮುಂದೆ ದೊಡ್ಡ ಗಾಡಿ ಇದ್ದರೆ ಕತೆಯೇ ಬೇರೆ. ಅಂಚಿನಲ್ಲೋ ಅರ್ಧ ಲೇನ್‌ನಲ್ಲೋ ನಿಂತದ್ದು ಅದಕ್ಕೆ ಕಾಣುತ್ತದೆ, ನಿಮಗೆ ಕಾಣುವುದಿಲ್ಲ. ಅದು ಥಟ್ಟನೆ ಪಕ್ಕಕ್ಕೆ ಸರಿದಾಗ ಪರದೆ ಎತ್ತಿದ ಹಾಗೆ ನಿಂತ ಗಾಡಿ ನಿಮ್ಮ ಮೂಗಿನ ಮುಂದೆ ಬರುತ್ತದೆ. ಇದಕ್ಕೆ ಮದ್ದು ಅಂತರ ಒಂದೇ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ದಾಟಲು ಮೂರು ಸೆಕೆಂಡಾದರೂ ಆಗಬೇಕು. ಕಾಲಿಡದೆಯೇ ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಇರುವ ಹೊಸ ಕಾರಿನವರು ಇಲ್ಲಿ ಜಾಸ್ತಿ ಹುಷಾರಾಗಿರಬೇಕು. ಮುಂದಿನ ಗಾಡಿ ನೋಡಿ ವೇಗ ಹೊಂದಿಸಿಕೊಳ್ಳುವ ಕ್ರೂಸ್, ಆ ಗಾಡಿ ಸರಿದ ಕೂಡಲೇ "ದಾರಿ ಖಾಲಿ" ಅಂದುಕೊಂಡು ವೇಗ ಏರಿಸಬಹುದು. ಇಂಥ ಎಷ್ಟೋ ವ್ಯವಸ್ಥೆಗಳು ಹೆಚ್ಚಿನ ವೇಗದಲ್ಲಿ, ನಿಂತ ಗಾಡಿಯನ್ನು ಗುರುತಿಸುವುದರಲ್ಲಿ ಹಿಂದೆ. ಕಾರಿನ ಜೊತೆ ಬರುವ ಪುಸ್ತಕದಲ್ಲಿ ಅದನ್ನು ಬರೆದಿರುತ್ತಾರೆ, ಓದುವವರು ಕಡಿಮೆ. ತಾನೇ ಸ್ಟೀರಿಂಗ್ ಹಿಡಿಯುವ ವ್ಯವಸ್ಥೆಯ ಕಾರುಗಳು ನಿಂತ ತುರ್ತು ವಾಹನಗಳಿಗೆ ಗುದ್ದಿದ ಪ್ರಕರಣಗಳ ಬಗ್ಗೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2021ರ ಆಗಸ್ಟ್‌ನಲ್ಲಿ ತನಿಖೆಯನ್ನೇ ಶುರುಮಾಡಿತು. ದೀಪ ಕಂಡರೆ ಕ್ರೂಸ್ ಆಫ್ ಮಾಡಿ.

ರಾತ್ರಿಯದ್ದು ಇನ್ನೊಂದು ಮೋಸ. ದೀಪ ಜೋರಾಗಿದ್ದಷ್ಟೂ ಒಳ್ಳೆಯದು ಅಂತ ಅನ್ನಿಸುತ್ತದೆ, ಅಲ್ವಾ? ದೂರದಿಂದ ಹೌದು. ಹತ್ತಿರ ಬಂದಾಗ ಅದೇ ದೀಪ ಕಣ್ಣು ಕೋರೈಸಿ, ಅದರ ಪಕ್ಕದಲ್ಲಿ ನಿಂತ ಮನುಷ್ಯನನ್ನು ಅಳಿಸಿಹಾಕುತ್ತದೆ. ನಿಮಗೆ ಗಾಡಿ ಕಾಣುತ್ತದೆ, ಜನ ಕಾಣುವುದಿಲ್ಲ. ಕೆಲಸಗಾರರು ಹಾಕುವ ಹೊಳೆಯುವ ಪಟ್ಟಿಯ ಜಾಕೆಟ್ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ನಿಮ್ಮ ಹೆಡ್‌ಲೈಟ್ ಅದಕ್ಕೆ ಬಿದ್ದರೆ ಮಾತ್ರ ಅದು ಹೊಳೆಯುವುದು. ಮಂಡಿಯೂರಿ ಬಗ್ಗಿದಾಗ ಎದೆಯ ಪಟ್ಟಿ ಮಡಚಿಕೊಂಡು ಮರೆಯಾಗುತ್ತದೆ. ಮಣಿಕಟ್ಟು, ಮೊಣಕಾಲು, ಪಾದದ ಗಂಟಿಗೆ ಪಟ್ಟಿ ಕಟ್ಟಿದವರು ಬೇಗ ಕಣ್ಣಿಗೆ ಬೀಳುತ್ತಾರೆ. ಕೈಕಾಲು ಆಡುವ ರೀತಿ ನೋಡಿದರೆ ಸಾಕು, ನಮ್ಮ ಮೆದುಳು ಅದನ್ನು ಮನುಷ್ಯ ಅಂತ ಹಿಡಿದುಬಿಡುತ್ತದೆ. ಹಾಗಾಗಿ ರಾತ್ರಿ ನಿಯಮ ಒಂದೇ: ದೀಪ ಕಂಡರೆ ಅಲ್ಲಿ ಕಾಣದ ಒಬ್ಬ ಇದ್ದಾನೆ ಅಂತಲೇ ಲೆಕ್ಕ ಹಾಕಿ. ಹೈಬೀಮ್ ಇಳಿಸಿ. ಕೆಲಸಗಾರ ನಿಮ್ಮ ಕಡೆ ತಿರುಗಿದ್ದರೆ ಅವನಿಗೆ ಕಣ್ಣು ಕತ್ತಲಾಗುವುದು ಬೇಡ.

ನಿಧಾನ ಮಾಡುವಾಗ ಮೀಟರ್ ನೋಡಿ, ಅನಿಸಿಕೆ ನಂಬಬೇಡಿ. ಒಂದು ಗಂಟೆ 100ರಲ್ಲಿ ಓಡಿಸಿದ ಮೇಲೆ 70 ಅಂದರೆ ತೆವಳಿದ ಹಾಗೆ ಅನ್ನಿಸುತ್ತದೆ. "ಆಗಲೇ ನಿಧಾನ ಮಾಡಿದೆನಲ್ಲ" ಅನ್ನುವವರ ಮೀಟರ್ ಬಹಳ ಸಲ 75 ತೋರಿಸುತ್ತಿರುತ್ತದೆ. ಮತ್ತೆ, ಗಾಡಿ ದಾಟಿದ ಕೂಡಲೇ ಆಕ್ಸಲರೇಟರ್ ತುಳಿಯಬೇಡಿ. ಟೋಯಿಂಗ್ ಗಾಡಿಯ ಮುಂದೆ ಕೆಟ್ಟ ಕಾರು ಇರುತ್ತದೆ, ಅದರ ಮುಂದೆ ಕಾರಿನವರು ನಿಂತಿರುತ್ತಾರೆ. ಕೊನೆಯ ಮನುಷ್ಯ ದಾಟಿದ್ದು ಕನ್ನಡಿಯಲ್ಲಿ ಕಂಡ ಮೇಲೆ ಏರಿಸಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕೆಟ್ಟು ನಿಂತದ್ದು ನಿಮ್ಮ ಕಾರೇ ಆದರೆ, ಚಕ್ರಗಳನ್ನು ರಸ್ತೆಯಿಂದ ಆಚೆಗೆ ತಿರುಗಿಸಿ ನಿಲ್ಲಿಸಿ. ಹಿಂದಿನಿಂದ ಯಾರಾದರೂ ಗುದ್ದಿದರೂ ಅದು ಲೇನ್ ಒಳಗೆ ಉರುಳುವುದಿಲ್ಲ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಹಜಾರ್ಡ್ ಲೈಟ್ ಹಾಕಿ, ಎಲ್ಲರೂ ಸಂಚಾರ ಇಲ್ಲದ ಕಡೆಯ ಬಾಗಿಲಿನಿಂದ ಇಳಿದು ತಡೆಬೇಲಿಯ ಆಚೆ ನಿಲ್ಲಿ. ಕಾರಿನ ಒಳಗೆ ಕೂತು ಕಾಯಬೇಡಿ, ಕಾರಿನ ಹಿಂದೆ ನಿಂತು ಫೋನಿನಲ್ಲಿ ಮಾತಾಡಬೇಡಿ. ಸ್ಟೆಪ್ನಿ ಬದಲಿಸುವುದು ನಿಮಗೆ ಚೆನ್ನಾಗಿ ಬಂದರೂ, ಸಂಚಾರದ ಕಡೆಯ ಚಕ್ರವಾದರೆ ವೇಗದ ರಸ್ತೆಯಲ್ಲಿ ಅದಕ್ಕೆ ಕೈ ಹಾಕಬೇಡಿ, ಗಾಡಿ ಕರೆಸಿ.

ಕೊನೆಗೆ ಹಾರ್ನ್. ಬೇಡ. ಬೆನ್ನ ಹಿಂದೆ ಹಾರ್ನ್ ಕೇಳಿದ ಮನುಷ್ಯ ಮಾಡುವ ಮೊದಲ ಕೆಲಸ ಬೆಚ್ಚಿ ತಿರುಗುವುದು, ಎರಡನೆಯದು ಎದ್ದು ನಿಲ್ಲುವುದು. ಎರಡೂ ಅವನನ್ನು ಗೆರೆಯ ಕಡೆಗೇ ತರುತ್ತವೆ. ಕೈಯಲ್ಲಿ ವಿಂಚ್ ಹಿಡಿ ಇದ್ದರೆ ಅದೂ ಜಾರುತ್ತದೆ. ಯಾರಾದರೂ ನಿಮ್ಮನ್ನು ನೋಡದೇ ನಿಮ್ಮ ಲೇನ್ ಒಳಗೆ ನಡೆದು ಬರುತ್ತಿದ್ದಾರೆ ಅಂತ ದೂರದಲ್ಲೇ ಕಂಡರೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಒಮ್ಮೆ ಚಿಕ್ಕದಾಗಿ ಒತ್ತಿ. ಹತ್ತಿರ ಬಂದ ಮೇಲೆ ಕೈ ಸ್ಟೀರಿಂಗ್ ಮೇಲಿರಲಿ.